ಕೇಬಲ್‌ಗೆ ಮೂವತ್ತು ವರ್ಷ: ಊರಿನ ಪಾಲಿಗೆ ಬಂದದ್ದೇನು?

ಕೇಬಲ್ ಟೆಲಿವಿಷನ್ ಜಾಲಗಳ ನಿಯಂತ್ರಣ ಕಾಯ್ದೆಗೆ ಮೂವತ್ತು ವರ್ಷ ದಾಟಿತು. 1995ರಲ್ಲಿ ಸಂಸತ್ತು ಅದಕ್ಕೆ ಒಪ್ಪಿಗೆ ಕೊಡುವ ಹೊತ್ತಿಗಾಗಲೇ ಕೇಬಲ್ ಬೀದಿ ಬೀದಿಗೆ ಬಂದಿತ್ತು. 1991ರ ಕೊಲ್ಲಿ ಯುದ್ಧವನ್ನು ಸಿಎನ್‌ಎನ್‌ನಲ್ಲಿ ನೋಡಿದ ಮೇಲೆ ಹಬ್ಬಿದ ಹುಚ್ಚು ಅದು. ವಿಡಿಯೊ ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದ ಹುಡುಗರು ತಾರಸಿಯ ಮೇಲೆ ಡಿಶ್ ಕೂರಿಸಿ, ವಿದ್ಯುತ್ ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ಮರಕ್ಕೆ ವೈರು ಎಳೆದರು. ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ಕಾಯ್ದೆ ಅವರಿಗೆ ಹೇಳಿದ್ದು ಮುಖ್ಯವಾಗಿ ಮೂರೇ ಮಾತು: ಹೆಡ್ ಪೋಸ್ಟ್ ಆಫೀಸಿನಲ್ಲಿ ನೋಂದಣಿ ಮಾಡಿಸಿ, ದೂರದರ್ಶನವನ್ನು ತಪ್ಪದೆ ತೋರಿಸಿ, ಕಾರ್ಯಕ್ರಮ ಸಂಹಿತೆ ಮೀರಬೇಡಿ. ಊರಿನ ಬೀದಿ ಬಳಸಿ ದುಡಿಯುವವರು ಊರಿಗೆ ಏನು ಕೊಡಬೇಕು ಎಂದು ಅದು ಕೇಳಲೇ ಇಲ್ಲ.

ಅದೇ ಕಾಲದಲ್ಲಿ ದೇಶ ಇನ್ನೊಂದು ದಿಕ್ಕಿನಲ್ಲಿ ನಡೆದಿತ್ತು ಎಂಬುದನ್ನು ನೆನೆದರೆ ಈ ಮೌನ ಇನ್ನಷ್ಟು ಚುಚ್ಚುತ್ತದೆ. ಪಂಚಾಯತಿ ಮತ್ತು ನಗರಸಭೆಗಳಿಗೆ ಅಧಿಕಾರ ಕೊಡುವ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಯಾದದ್ದು 1993ರಲ್ಲಿ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲೇ ಅಧಿಕಾರವನ್ನು ಹಳ್ಳಿಗೆ ಇಳಿಸಿ ತೋರಿಸಿದ ನಾಡು ನಮ್ಮದು. ಎರಡು ವರ್ಷ ಕಳೆದು ಬಂದ ಕೇಬಲ್ ಕಾಯ್ದೆಯ ಪ್ರಕಾರ ಜಾಲದ ಮೇಲೆ ಕಣ್ಣಿಡಬೇಕಾದವರು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ಪೊಲೀಸ್ ಕಮಿಷನರ್. ಆಯ್ಕೆಯಾದ ನಗರಸಭೆಗೆ ಅಲ್ಲಿ ಜಾಗವಿರಲಿಲ್ಲ. ಮುಂದೆ ಲೋಕಸಭೆ, ರಾಜ್ಯಸಭೆಗಳ ಚಾನೆಲ್‌ಗಳೂ ಕಡ್ಡಾಯದ ಪಟ್ಟಿಗೆ ಸೇರಿದವು. ಸೇರಬೇಕಾದ್ದೇ. ಆದರೆ ನಲ್ಲಿ ನೀರಿನ ಬಗ್ಗೆ, ಕಸದ ಬಗ್ಗೆ, ಮನೆ ಕಂದಾಯದ ಬಗ್ಗೆ ತೀರ್ಮಾನವಾಗುವ ಸಾಮಾನ್ಯ ಸಭೆಯನ್ನು ಆ ಊರಿನವರಿಗೆ ತೋರಿಸಿ ಎಂದು ಯಾವ ನಿಯಮವೂ ಹೇಳಲಿಲ್ಲ.

ಹೀಗೆ ಕೇಳುವುದು ಅತಿಯಾಸೆಯಲ್ಲ. ಅಮೆರಿಕದ ನಗರಗಳು ಕೇಬಲ್ ಕಂಪನಿಗಳೊಂದಿಗೆ ಮೊದಲಿನಿಂದಲೂ ಹೀಗೇ ಚೌಕಾಸಿ ಮಾಡಿವೆ. ನಮ್ಮ ರಸ್ತೆ ಬೇಕಾದರೆ ನಮ್ಮ ಜನರಿಗೊಂದು ಚಾನೆಲ್ ಬಿಟ್ಟುಕೊಡಿ, ಸ್ಟುಡಿಯೊ ಕಟ್ಟಿಸಿಕೊಡಿ ಎಂದವು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಸಾರ್ವಜನಿಕರ ಚಾನೆಲ್‌ಗಳು ಶುರುವಾದದ್ದು 1971ರಲ್ಲಿ. 1984ರ ಕೇಬಲ್ ಕಾಯ್ದೆ ಈ ಹಕ್ಕಿಗೆ ಕಾನೂನಿನ ಬಲ ಕೊಟ್ಟಿತು: ಸಾರ್ವಜನಿಕರಿಗೆ, ಶಿಕ್ಷಣಕ್ಕೆ, ಸ್ಥಳೀಯ ಆಡಳಿತಕ್ಕೆ ಚಾನೆಲ್ ಮೀಸಲಿಡುವಂತೆ ನಗರ ಕೇಳಬಹುದು, ಕಂಪನಿಯ ಒಟ್ಟು ಆದಾಯದಲ್ಲಿ ಶೇ 5ರವರೆಗೆ ಶುಲ್ಕ ವಸೂಲು ಮಾಡಬಹುದು. ಕಂಪನಿಗಳು ಅಲ್ಲೂ ಸುಮ್ಮನಿರಲಿಲ್ಲ. ವಸ್ತು ಅಥವಾ ಸೇವೆಯ ರೂಪದಲ್ಲಿ ಕೊಟ್ಟ ಬಹುಪಾಲು ಕೊಡುಗೆಯನ್ನೂ ಅದೇ ಶೇ 5ರೊಳಗೆ ಲೆಕ್ಕ ಹಿಡಿಯಬಹುದು ಎಂದು 2019ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಆದೇಶಿಸಿತು. ಸಮುದಾಯದ ಚಾನೆಲ್‌ಗಳಿಗೆ ಅದು ದೊಡ್ಡ ಪೆಟ್ಟು. ಆದರೂ ಅಲ್ಲಿ ಕಸಿಯುವುದಕ್ಕಾದರೂ ಏನೋ ಒಂದು ಇತ್ತು.

ನಮ್ಮಲ್ಲಿ ಕಾನೂನು ಕೊಡದಿದ್ದುದನ್ನು ಕೆಲಕಾಲ ರೂಢಿಯೇ ಕೊಟ್ಟಿತು. ಸಣ್ಣ ಆಪರೇಟರನ ಕಂಟ್ರೋಲ್ ರೂಮಿನಲ್ಲಿ ಒಂದು ಮಾಡ್ಯುಲೇಟರ್, ಒಂದು ಪ್ಲೇಯರ್ ಇದ್ದರೆ ಮುಗಿಯಿತು, ಲೋಕಲ್ ಚಾನೆಲ್ ತಯಾರು. ಹಗಲೆಲ್ಲ ಸಿನಿಮಾ, ರಾತ್ರಿ ಎಂಟಕ್ಕೆ ಊರ ಸುದ್ದಿ. ಪರದೆಯ ಕೆಳಗೆ ಅಕ್ಷರಗಳು ಸಾಲಾಗಿ ಓಡುತ್ತಿದ್ದವು: ನಾಳೆ ಎರಡನೇ ವಾರ್ಡಿಗೆ ನೀರು ಬರುವುದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಅಂಕಪಟ್ಟಿ ಕಳೆದಿದೆ, ಇಂಥವರ ಉತ್ತರಕ್ರಿಯೆ ಸೋಮವಾರ. ರಥೋತ್ಸವದ ದಿನ ದೇವಸ್ಥಾನದ ಎದುರಿನ ಮಹಡಿಯ ಮೇಲೆ ಕ್ಯಾಮೆರಾ ನಿಂತರೆ, ಮಂಡಿನೋವಿಗೆ ಹೊಸ್ತಿಲು ದಾಟಲಾಗದ ಅಜ್ಜಿಯಂದಿರು ಮನೆಯಲ್ಲೇ ತೇರಿಗೆ ಕೈಮುಗಿದರು. ಶಾಲಾ ವಾರ್ಷಿಕೋತ್ಸವದಲ್ಲಿ ಮೊಮ್ಮಗಳು ಕುಣಿದದ್ದನ್ನು ಬೀದಿಗೆ ಬೀದಿಯೇ ನೋಡಿತು. ಮಂಗಳೂರಿನ ‘ನಮ್ಮ ಕುಡ್ಲ’ದಂಥ ಚಾನೆಲ್‌ಗಳು ತುಳುವಿನಲ್ಲಿ ವಾರ್ತೆ ಓದಿದವು, ನವರಾತ್ರಿಯ ಹುಲಿವೇಷವನ್ನು ಮನೆಮನೆಗೆ ಮುಟ್ಟಿಸಿದವು. ಲಕ್ಷಾಂತರ ಜನರ ಮನೆಮಾತಾದ ತುಳುವಿಗೆ ದೇಶದ ದೊಡ್ಡ ಟಿವಿ ಸಂಸ್ಥೆಗಳು ಇವತ್ತಿಗೂ ಒಂದು ಚಾನೆಲ್ ತೆರೆದಿಲ್ಲ. ಆ ಭಾಷೆಗೆ ಪರದೆ ಕೊಟ್ಟದ್ದು ಊರಿನ ಕೇಬಲ್.

ಅದರಲ್ಲಿ ಹುಳುಕೇ ಇರಲಿಲ್ಲ ಎನ್ನಲಾಗದು. ಹಕ್ಕಿಲ್ಲದ ಸಿನಿಮಾಗಳನ್ನು ಹಾಕುತ್ತಿದ್ದರು. ಚುನಾವಣೆ ಬಂತೆಂದರೆ ದುಡ್ಡಿದ್ದವನ ಭಾಷಣವೇ ಸುದ್ದಿಯಾಗುತ್ತಿತ್ತು. ಎಷ್ಟೋ ಊರುಗಳಲ್ಲಿ ಕೇಬಲ್ ಮಾಲೀಕನೇ ಪುಢಾರಿ. ಹಕ್ಕು ಊರಿನದಾಗಿರದೆ ಮಾಲೀಕನ ಮರ್ಜಿಯಾಗಿದ್ದರ ಫಲ ಇದು. ಏಕಸ್ವಾಮ್ಯವಂತೂ ಅಂದೇ ಬೇರೂರಿತ್ತು. ರಿಪೇರಿಗೆ ಬಾರದವನನ್ನು ಬಿಟ್ಟು ಪಕ್ಕದ ಬೀದಿಯ ಆಪರೇಟರನನ್ನು ಕರೆದರೆ ಸಿಗುತ್ತಿದ್ದ ಉತ್ತರ ಒಂದೇ: “ಅದು ಅವರ ಏರಿಯಾ ಸಾರ್, ನಾವು ಬರೋ ಹಾಗಿಲ್ಲ.”

2011ರ ತಿದ್ದುಪಡಿ ಡಿಜಿಟಲೀಕರಣವನ್ನು ಕಡ್ಡಾಯ ಮಾಡಿತು. ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31 ಗಡುವು, ಹಳ್ಳಿಗಳ ಗಡುವು 2017ರ ಮಾರ್ಚ್‌ವರೆಗೆ ಸಾಗಿತು. ಚಿತ್ರ ಸ್ವಚ್ಛವಾಯಿತು, ಸಂಪರ್ಕಗಳ ಲೆಕ್ಕವೂ ಸ್ವಚ್ಛವಾಯಿತು. ಆದರೆ ಚಾನೆಲ್‌ಗಳನ್ನು ಹಿಡಿದು ಹಂಚುವ ಕೇಂದ್ರವಾದ ಡಿಜಿಟಲ್ ಹೆಡ್‌ಎಂಡ್ ಹಾಕುವಷ್ಟು ಬಂಡವಾಳ ತಾರಸಿಯ ಡಿಶ್‌ನವನ ಬಳಿ ಎಲ್ಲಿತ್ತು? ಸಿಗ್ನಲ್ ದೊಡ್ಡ ಕಂಪನಿಗಳ ಹೆಡ್‌ಎಂಡ್‌ನಲ್ಲೇ ಗೂಢಲಿಪಿಯಾಗಿ ಫೈಬರ್‌ನಲ್ಲಿ ಹರಿದು ಬರತೊಡಗಿತು. ಊರಿನ ಆಪರೇಟರ್ ವೈರು ಜೋಡಿಸಿ ಬಾಡಿಗೆ ವಸೂಲು ಮಾಡುವವನಾಗಿ ಉಳಿದ. ಲೋಕಲ್ ಚಾನೆಲ್ ಬೇಕೆಂದರೆ ದೂರದ ಕಂಪನಿಯನ್ನು ಕೇಳಬೇಕು, ಅದು ಹೇಳಿದ ದುಡ್ಡು ತೆರಬೇಕು. ಹೀಗೆ ಎಷ್ಟೋ ಊರುಗಳ ರಾತ್ರಿ ಎಂಟರ ಸುದ್ದಿ ನಿಂತೇಹೋಯಿತು.

ಕೇಬಲ್‌ನ ಏಕಸ್ವಾಮ್ಯಕ್ಕೆ ಕಡಿವಾಣ ಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2013ರಲ್ಲಿ ಶಿಫಾರಸು ಮಾಡಿತ್ತು. 2022ರಲ್ಲಿ ಅದೇ ಟ್ರಾಯ್, ಡಿಟಿಎಚ್ ಮೊದಲಾದ ಪರ್ಯಾಯಗಳು ಬಂದಿರುವುದರಿಂದ ಕಡಿವಾಣದ ಅಗತ್ಯವಿಲ್ಲ ಎಂದಿತು. ಸೀರಿಯಲ್ ನೋಡುವವರ ಮಟ್ಟಿಗೆ ಆ ಮಾತು ನಿಜವಿರಬಹುದು. ನಾಳೆ ನೀರು ಬರುತ್ತದೆಯೇ ಎಂಬುದನ್ನು ಯಾವ ಡಿಟಿಎಚ್ ಹೇಳೀತು? ಹಾಗೆಂದು ಸರ್ಕಾರವೇ ಕೇಬಲ್ ನಡೆಸಲಿ ಎಂದರೆ ಪಕ್ಕದ ತಮಿಳುನಾಡಿನ ಅರಸು ಕೇಬಲ್ ಕಣ್ಣೆದುರಿಗಿದೆ. 2011ರಲ್ಲಿ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಟ್ಟು ಖಾಸಗಿ ಹಿಡಿತವನ್ನು ಸಡಿಲಿಸಿತು ನಿಜ, ಆದರೆ ಆಳುವವರಿಗೆ ಹಿಡಿಸದ ಚಾನೆಲ್‌ಗಳು ಅಲ್ಲಿ ಮೂಲೆಗುಂಪಾಗುತ್ತವೆ ಎಂಬ ಆರೋಪವೂ ಕೇಳಿಬಂತು. ನನಗೆ ಹೆಚ್ಚು ಭರವಸೆ ಕೊಡುವುದು ಕೇರಳ. ಅಲ್ಲಿನ ಸಣ್ಣ ಆಪರೇಟರುಗಳು ಒಗ್ಗೂಡಿ ಕೇರಳ ವಿಷನ್ ಕಟ್ಟಿದರು, ದೊಡ್ಡ ಕಂಪನಿಗಳಿಗೆ ಸರಿಸಮನಾಗಿ ಬೆಳೆಸಿದರು. ಕರ್ನಾಟಕದ ಆಪರೇಟರುಗಳು ಸಕಾಲದಲ್ಲಿ ಈ ದಾರಿ ಹಿಡಿಯಬೇಕಿತ್ತು.

2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲೋಕಲ್ ಚಾನೆಲ್‌ಗಳಿಗೆ ಮಾರ್ಗಸೂಚಿ ತಂದಿತು. ಒಟ್ಟು ಚಾನೆಲ್ ಸಾಮರ್ಥ್ಯದ ಶೇ 5 ಮೀರದಂತೆ ಕಂಪನಿ ಇವನ್ನು ನಡೆಸಬಹುದು, ಅದರ ಮೇಲೆ ಜಿಲ್ಲೆಗೆ ಎರಡು. ಒಂದು ಚಾನೆಲ್ ನೋಂದಣಿಗೆ ಸಾವಿರ ರೂಪಾಯಿ. ಸ್ಥಳೀಯ ಭಾಷೆ, ಸಂಸ್ಕೃತಿಯ ಮಾತು ಸರ್ಕಾರಿ ಕಡತಕ್ಕೆ ಏರಿದ್ದು ಒಳ್ಳೆಯದೇ. ಆದರೆ ಅದೂ ನಿಂತದ್ದು ‘ನಡೆಸಬಹುದು’ ಎಂಬಲ್ಲಿಗೆ. ನಡೆಸಲೇಬೇಕೆಂಬ ಹೊಣೆ ಯಾರ ಮೇಲೂ ಇಲ್ಲ, ನಡೆಸಿದರೆ ಅದರಲ್ಲಿ ಊರವರಿಗೆ ಪಾಲೂ ಇಲ್ಲ. 2025ರ ಜನವರಿಯಿಂದ ಸ್ಥಳೀಯ ಆಪರೇಟರನ ನೋಂದಣಿಯೂ ಪೋಸ್ಟ್ ಆಫೀಸು ಬಿಟ್ಟು ದಿಲ್ಲಿಯ ಪೋರ್ಟಲ್‌ಗೆ ಹೋಗಿದೆ. ಕೆಲಸ ಹಗುರವಾಯಿತು. ಊರಿನ ಮಟ್ಟದಲ್ಲಿ ಉಳಿದಿದ್ದ ಕೊನೆಯ ಕಿಟಕಿಯೂ ಮುಚ್ಚಿತು.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಜಾತ್ರೆ ಯೂಟ್ಯೂಬ್‌ನಲ್ಲಿ ಬರುತ್ತದೆ, ಮುಳುಗುತ್ತಿರುವ ಕೇಬಲ್‌ನ ಚಿಂತೆ ಯಾಕೆ ಎನ್ನುವವರಿದ್ದಾರೆ. ಟಿವಿ ಚಂದಾದಾರರು ಕಡಿಮೆಯಾಗುತ್ತಿರಬಹುದು, ಆದರೆ ಅದೇ ಕಂಬದ ಮೇಲೆ ಅದೇ ಆಪರೇಟರ್ ಈಗ ಬ್ರಾಡ್‌ಬ್ಯಾಂಡ್ ಎಳೆಯುತ್ತಿದ್ದಾನೆ. ಬೀದಿಯ ಬಳಕೆ ಹೆಚ್ಚೇ ಆಗಿದೆ. 2011ರ ತಿದ್ದುಪಡಿಯಲ್ಲಿ ಸೇರಿದ 4ಬಿ ಕಲಂ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಕೇಬಲ್ ಹಾಯಿಸಲು ಆ ಜಾಗದ ಪ್ರಾಧಿಕಾರದ ಅನುಮತಿ ಬೇಕು. ಊರಿನ ಪಾಲನ್ನು ಕೇಳಲು ತಕ್ಕ ಜಾಗ ಅದೇ. 1995ರ ಕಾಯ್ದೆಯ ಬದಲಿಗೆಂದು 2023ರಲ್ಲಿ ಹೊರಬಂದ ಪ್ರಸಾರ ಸೇವೆಗಳ ಮಸೂದೆ ಟೀಕೆಗೆ ಸಿಕ್ಕು ಮರಳಿ ಕಡತ ಸೇರಿದೆ. ಅದು ಮತ್ತೆ ಬರುವಾಗ ರಸ್ತೆಯ ಅನುಮತಿಗೂ ಊರಿನ ಚಾನೆಲ್‌ಗೂ ಗಂಟು ಹಾಕಬೇಕು. ಚಾನೆಲ್ಲಿನ ಆಡಳಿತ ಶಾಸಕರ ಕೈಗೂ ಹೋಗಬಾರದು, ಕಂಪನಿಯ ಕೈಗೂ. ಗ್ರಂಥಾಲಯ, ಕಾಲೇಜು, ನಗರಸಭೆ, ಆಪರೇಟರು ಸೇರಿದ ಟ್ರಸ್ಟ್ ಅದನ್ನು ನೋಡಿಕೊಳ್ಳಲಿ.

ಹಣದ ಲೆಕ್ಕವೂ ಕಷ್ಟದ್ದಲ್ಲ. ಟ್ರಾಯ್ ನೂರು ಚಾನೆಲ್‌ಗೆ ನಿಗದಿ ಮಾಡಿ 2019ರಲ್ಲಿ ಜಾರಿಯಾದ ಮೂಲ ಶುಲ್ಕದ ಮಿತಿ 130 ರೂಪಾಯಿ, 2024ರಲ್ಲಿ ಆ ಮಿತಿಯನ್ನೂ ತೆಗೆಯಿತು. ಹಳೆಯ 130ನ್ನೇ ಹಿಡಿದರೂ, ಅಮೆರಿಕದ ಮಾದರಿಯಲ್ಲಿ ಊರಿಗೆ ಕೇಳಬಹುದಾದ ಅದರ ಶೇ 5 ಆರೂವರೆ ರೂಪಾಯಿ. ಇಪ್ಪತ್ತು ಸಾವಿರ ಸಂಪರ್ಕಗಳಿರುವ ಊರಿನಲ್ಲಿ ತಿಂಗಳಿಗೆ 1 ಲಕ್ಷ 30 ಸಾವಿರವಾಯಿತು. ಇಬ್ಬರು ಕ್ಯಾಮೆರಾದವರು, ಒಬ್ಬ ಎಡಿಟರ್, ಸುದ್ದಿ ಓದಲು ಒಬ್ಬರು, ಒಂದು ಕೋಣೆಯ ಬಾಡಿಗೆ, ಕರೆಂಟ್ ಬಿಲ್ಲು: ಇಷ್ಟನ್ನು ಆ ದುಡ್ಡಿನಲ್ಲಿ ತೂಗಿಸಬಹುದು.