ಕೊನೆಯ ಪುಟದ ಮೆಚ್ಚುಗೆ ಬರೆದವರಿಗೂ ಮುಟ್ಟಲಿ

ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ಕಾದಂಬರಿ ತಂದು ಓದಿ ಬೆಳೆದವರಿಗೆ ಆ ಪುಸ್ತಕಗಳ ಕೊನೆಯ ಪುಟ ನೆನಪಿರುತ್ತದೆ. ಕತೆ ಮುಗಿದು ಉಳಿದ ಖಾಲಿ ಜಾಗದಲ್ಲಿ ಓದಿದವರು ಪೆನ್ಸಿಲ್ಲಿನಲ್ಲೋ ಬಾಲ್‌ಪೆನ್ನಿನಲ್ಲೋ ಏನಾದರೂ ಗೀಚಿರುತ್ತಿದ್ದರು. ‘ತುಂಬಾ ಚೆನ್ನಾಗಿದೆ’, ‘ಮುಂದಿನ ಭಾಗ ತಪ್ಪದೆ ಓದಿ’, ‘ಕಣ್ಣೀರು ಬಂತು’. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ನನಗೂ’. ಹೆಸರಿಲ್ಲ, ಊರಿಲ್ಲ. ಆ ಮಾತುಗಳೆಲ್ಲ ಕಾದಂಬರಿ ಬರೆದವರಿಗೆ ಸಲ್ಲಬೇಕಾದವು. ಅವರ ಕಣ್ಣಿಗೆ ಮಾತ್ರ ಅವು ಬೀಳಲಿಲ್ಲ.

ನಾನು ದುರ್ಗದ, ಅಂದರೆ ಚಿತ್ರದುರ್ಗದ ಸೀಮೆಯವಳು. ಇದೇ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಹೀಗೆ ಹೇಳದೇ ಉಳಿದ ಕೃತಜ್ಞತೆಯಲ್ಲಿ ನನ್ನ ದೊಡ್ಡ ಪಾಲು ‘ತರಾಸು’ ಎಂದೇ ಹೆಸರಾದ ತ.ರಾ. ಸುಬ್ಬರಾಯರದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’, ‘ದುರ್ಗಾಸ್ತಮಾನ’: ದುರ್ಗದ ಪಾಳೆಯಗಾರರ ಮೇಲೆ ಅವರು ಬರೆದ ಈ ಎಂಟು ಕಾದಂಬರಿಗಳು ನಮ್ಮ ಮನೆಯೊಳಗೆ ಬಂದು ಹೋದವು. ಕೊಂಡು ತಂದದ್ದು ಒಂದೂ ಇಲ್ಲ, ಎಲ್ಲವೂ ಬಾಡಿಗೆಯವು.

ನಮ್ಮಮ್ಮ ಓದಿದ್ದು ನಾಲ್ಕನೆಯ ತರಗತಿ. ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಜಗಲಿಗೆ ಬಂದು ಕೂತರೆ ಅಕ್ಕಪಕ್ಕದ ಹೆಂಗಸರು ಮೊರ ಹಿಡಿದುಕೊಂಡು ಬರುತ್ತಿದ್ದರು. ಒಬ್ಬರು ಶೇಂಗಾ ಸುಲಿಯುವುದು, ಒಬ್ಬರು ಹುಣಸೆಹಣ್ಣಿನ ಬೀಜ ಬಿಡಿಸುವುದು. ಅಮ್ಮ ಗಟ್ಟಿಯಾಗಿ ಓದುವುದು. ಅವರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕತೆಯ ಸಂಚುಗಾರ ದಳವಾಯಿ ಮುದ್ದಣ್ಣನ ಹೆಸರು ಬಂದರೆ ‘ಅವನ ಮನೆ ಹಾಳಾಗ’ ಎಂದು ಬೈಯುವಷ್ಟು ಕತೆ ಅವರದಾಗಿತ್ತು. ಮುನ್ನೂರು ವರ್ಷದ ಹಿಂದಿನ ಅರಮನೆಯ ಒಳಸಂಚನ್ನು ಅವರು ಓಣಿಯ ಸುದ್ದಿಯಂತೆ ಚರ್ಚಿಸುತ್ತಿದ್ದರು. ಯಾವ ಮಾತನ್ನು ಯಾರು ಯಾಕೆ ಆಡಿದರು, ಯಾರನ್ನು ನಂಬಬಾರದಿತ್ತು ಎಂದೆಲ್ಲ ವಾದ ನಡೆಯುತ್ತಿತ್ತು. ಲೈಬ್ರರಿಯವನಿಗೆ ಪುಸ್ತಕ ವಾಪಸು ಕೊಡುವ ದಿನ ಬಂದರೆ ಎಲ್ಲರಿಗೂ ಬೇಸರ.

ಒಂದು ಪ್ರತಿಯನ್ನು ಹೀಗೆ ಎಷ್ಟು ಜಗಲಿಗಳು ಓದಿದ್ದಾವೋ! ಲೇಖಕರಿಗೆ ಸಂದದ್ದು ಆ ಒಂದು ಪ್ರತಿಯ ಗೌರವಧನ ಮಾತ್ರ. 1942ರ ಚಳವಳಿಗೆ ಧುಮುಕಿ ಕಾಲೇಜು ಬಿಟ್ಟ ತರಾಸು ಆಮೇಲೆ ಪತ್ರಿಕೆಗಳಲ್ಲಿ ದುಡಿದು, ಕೊನೆಗೆ ಬರವಣಿಗೆಯನ್ನೇ ನೆಚ್ಚಿ ಬಾಳಿದವರು. ದುಡ್ಡು ಕೊಟ್ಟು ಕೊಳ್ಳಲಾಗದ ನಮ್ಮಂಥ ಮನೆಗಳವರು ಅವರಿಗೆ ಕೊಡಬಹುದಾಗಿದ್ದದ್ದು ಒಂದು ಮೆಚ್ಚುಗೆಯ ಮಾತು. ಅದನ್ನಾದರೂ ಒಂದು ಕಾರ್ಡಿನಲ್ಲಿ ಬರೆದು ಹಾಕುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ದೊಡ್ಡವರಿಗೆ ನಾವು ಏನು ಬರೆಯುವುದು ಎಂಬ ಅಂಜಿಕೆ ಅದಕ್ಕೆ ಕಾರಣ. ಆ ಅಂಜಿಕೆಯನ್ನು ಬಿಡಬೇಕು ಎಂಬುದೇ ನನ್ನ ಇಂದಿನ ಮಾತು.

ಐತಿಹಾಸಿಕ ಕಾದಂಬರಿಕಾರ ಕೊಡುವುದು ಏನು? ಶಿಕ್ಷಕಿಯಾಗಿ ಇದಕ್ಕೆ ಉತ್ತರ ಹೇಳಬಲ್ಲೆ. ಪಠ್ಯಪುಸ್ತಕದಲ್ಲಿ ದುರ್ಗದ ನಾಯಕರಿಗೆ ಸಿಗುವ ಜಾಗ ಕಡಿಮೆ. ಮತ್ತಿ ತಿಮ್ಮಣ್ಣ ನಾಯಕನಿಂದ ಆರಂಭ, ಬಿಚ್ಚುಗತ್ತಿ ಭರಮಣ್ಣ ನಾಯಕ ಕೆರೆ ದೇವಸ್ಥಾನ ಕಟ್ಟಿಸಿದ, 1779ರಲ್ಲಿ ಹೈದರಾಲಿ ಕೋಟೆ ಗೆದ್ದ, ಕೊನೆಯ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಮಕ್ಕಳು ಇಷ್ಟನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಅದೇ ಮಕ್ಕಳನ್ನು ಕೋಟೆಗೆ ಕರೆದೊಯ್ದು, ಅಕ್ಕ-ತಂಗಿ ಹೊಂಡದ ಮೆಟ್ಟಿಲ ಮೇಲೆ ಕೂರಿಸಿ ಕಾದಂಬರಿಯ ಒಂದು ಅಧ್ಯಾಯ ಓದಿದರೆ ಗದ್ದಲ ತಾನಾಗಿ ನಿಲ್ಲುತ್ತದೆ. ಮದ್ದು ಬೀಸುವ ಕಲ್ಲಿನ ಹತ್ತಿರ ಹೋದಾಗ ‘ಇದನ್ನು ತಿರುಗಿಸಿದವರು ಯಾರು, ಅವರಿಗೆ ಊಟ ಕೊಡುತ್ತಿದ್ದವರು ಯಾರು’ ಎಂದು ಕೇಳುತ್ತಾರೆ. ಹಿಡಿಂಬೇಶ್ವರ, ಏಕನಾಥೇಶ್ವರಿ, ಗೋಪಾಲಸ್ವಾಮಿ ಹೊಂಡ, ಎಣ್ಣೆ ಕೊಳ, ಟಂಕಸಾಲೆ ಇವೆಲ್ಲ ಅವರಿಗೆ ಅದುವರೆಗೆ ಫೋಟೊ ತೆಗೆಸಿಕೊಳ್ಳುವ ಜಾಗಗಳು. ಓದಿದ ಮೇಲೆ ಅಲ್ಲಿ ಜನ ಓಡಾಡಿದ್ದರು ಎಂದು ಅರಿವಾಗುತ್ತದೆ. ಪಠ್ಯ ಕೊಡಲಾಗದ ಆ ಅರಿವನ್ನು ತರಾಸು ಕೊಟ್ಟರು.

‘ಮಿಸ್, ಇದೆಲ್ಲ ನಿಜವಾಗ್ಲೂ ನಡೀತಾ?’ ಎಂದು ಪ್ರತಿ ತಂಡದಲ್ಲೂ ಒಬ್ಬರಾದರೂ ಕೇಳುತ್ತಿದ್ದರು. ನಾನು ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. ಎಂ.ಎಸ್. ಪುಟ್ಟಣ್ಣನವರು ‘ಚಿತ್ರದುರ್ಗದ ಪಾಳಯಗಾರರು’ ಬರೆದದ್ದು, ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ಅಲೆದು ದುರ್ಗದ ಚರಿತ್ರೆಯ ಸಾಮಗ್ರಿ ಕೂಡಿಹಾಕಿದ್ದು, ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮನ ಶಾಸನ ಇರುವುದು, ಎಲ್ಲವನ್ನೂ ಹೇಳಲು ಆಗಲೇ ಸಮಯ. ಶಾಸನ ಹೇಳುವುದು ಇಷ್ಟು, ಬಖೈರು ಎಂಬ ಹಳೆಯ ವೃತ್ತಾಂತ ಹೇಳುವುದು ಇಷ್ಟು, ಉಳಿದದ್ದನ್ನು ಕಾದಂಬರಿಕಾರರು ಮನುಷ್ಯರ ಸ್ವಭಾವ ಬಲ್ಲವರಾಗಿ ಕಲ್ಪಿಸಿದರು ಎಂದು ಬಿಡಿಸಿ ಹೇಳಿದರೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕಾದಂಬರಿಯ ಪ್ರತಿ ಮಾತನ್ನೂ ಚರಿತ್ರೆಯೆಂದು ನಂಬಿಸುವುದು ಚರಿತ್ರೆಗೆ ಮಾಡುವ ಅನ್ಯಾಯ, ಕಾದಂಬರಿಕಾರರ ಕಲ್ಪನಾಶಕ್ತಿಗೆ ಮಾಡುವ ಅವಮಾನವೂ ಹೌದು. ಅವರು ಕಷ್ಟಪಟ್ಟು ಕಟ್ಟಿದ್ದನ್ನು ಕಟ್ಟಿದ್ದು ಎಂದು ಗುರುತಿಸಿದರೆ ಮಾತ್ರ ಅವರಿಗೆ ಕೃತಜ್ಞತೆ ಹೇಳಿದಂತಾಗುತ್ತದೆ.

‘ದುರ್ಗಾಸ್ತಮಾನ’ 1982ರಲ್ಲಿ ಬಂದಾಗ ನಾನು ಪದವಿ ತರಗತಿಯಲ್ಲಿದ್ದೆ. ಅಮ್ಮ ಹಗಲು, ನಾನು ರಾತ್ರಿ ಎಂದು ಸರದಿ ಹಾಕಿಕೊಂಡು ಓದಿದೆವು. ಕೋಟೆ ಬೀಳುತ್ತದೆ ಎಂದು ಹೆಸರೇ ಹೇಳುತ್ತಿದೆ, ಮದಕರಿಯ ಗತಿ ದುರ್ಗದಲ್ಲಿ ಎಳೆ ಮಕ್ಕಳಿಗೂ ಗೊತ್ತು. ಆದರೂ ಪುಟ ತಿರುಗಿಸುವಾಗ, ಈ ಸಲ ಹೇಗಾದರೂ ಉಳಿಯಬಾರದೇ ಎಂದು ಜೀವ ಮಿಡುಕುತ್ತಿತ್ತು. ತೀರ್ಪು ಮೊದಲೇ ಗೊತ್ತಿರುವ ಕತೆಯಲ್ಲಿ ಆಸೆ ಹುಟ್ಟಿಸುವುದು ಸಾಮಾನ್ಯ ಶಕ್ತಿಯಲ್ಲ. 1754ರಲ್ಲಿ ಎಳೆಯ ವಯಸ್ಸಿಗೇ ಪಟ್ಟವೇರಿದವನು, ಹೈದರನ ಬಿದನೂರು ದಂಡಯಾತ್ರೆಗೆ ನೆರವಾದವನು, ಕೊನೆಗೆ ಅದೇ ಹೈದರನಿಗೆ ಸೋತವನು ಈ ಮದಕರಿ. ಅದೇ ಬಿದನೂರಿನ ಕೊನೆಯ ದಿನಗಳನ್ನು ಮಾಸ್ತಿಯವರು ‘ಚನ್ನಬಸವನಾಯಕ’ದಲ್ಲಿ ಬರೆದಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ಆ ಕಾಲದ ಸಣ್ಣ ರಾಜ್ಯಗಳು ಒಂದೊಂದಾಗಿ ಹೇಗೆ ಮುಳುಗಿದವು, ಪಕ್ಕದವನ ಮನೆಗೆ ಬಿದ್ದ ಬೆಂಕಿ ತನ್ನ ಮನೆಗೂ ಬಂತು ಎಂಬುದು ಹೇಗೆ ತಡವಾಗಿ ತಿಳಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ತರಾಸು 1984ರ ಏಪ್ರಿಲ್‌ನಲ್ಲಿ ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅದನ್ನು ಕೈಯಾರೆ ತೆಗೆದುಕೊಳ್ಳಲು ಅವರಿರಲಿಲ್ಲ. ಪ್ರಶಸ್ತಿಗಳಿಗೆ ಸಮಿತಿ ಬೇಕು, ಕಾಲ ಕೂಡಿಬರಬೇಕು. ಓದುಗರ ಮೆಚ್ಚುಗೆಗೆ ಇವು ಯಾವುವೂ ಬೇಡ. ಪುಸ್ತಕ ಮುಚ್ಚಿದ ಸಂಜೆಯೇ ಅದನ್ನು ಹೇಳಬಹುದು. ಇದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು.

ದುರ್ಗದಲ್ಲಿ ಅವರ ಹೆಸರಿಲ್ಲ ಎಂದಲ್ಲ. ತರಾಸು ರಂಗಮಂದಿರವಿದೆ. ನಾಟಕ, ಸನ್ಮಾನ, ಶಾಲಾ ವಾರ್ಷಿಕೋತ್ಸವಕ್ಕೆ ಎಲ್ಲರೂ ಅಲ್ಲಿಗೆ ಹೋಗುತ್ತೇವೆ. ಆದರೆ ಆ ವೇದಿಕೆಯ ಮೇಲೆ ಕುಣಿದ ಮಗುವನ್ನು ತರಾಸು ಯಾರು ಎಂದು ಕೇಳಿದಾಗ ಅದು ಕಟ್ಟಡದ ಹೆಸರು ಎಂಬ ಉತ್ತರ ನನಗೆ ಸಿಕ್ಕಿದೆ. ಆ ಮಗುವಿಗೆ ಮದಕರಿ ಗೊತ್ತು. ಒನಕೆ ಓಬವ್ವನಂತೂ ಕಿಂಡಿಯ ಸಮೇತ ಗೊತ್ತು, 1972ರ ‘ನಾಗರಹಾವು’ ಸಿನಿಮಾದ ಹಾಡು ಇವತ್ತಿಗೂ ಶಾಲೆಯ ಮೈಕಿನಲ್ಲಿ ಮೊಳಗುತ್ತದೆ. ಆ ಸಿನಿಮಾಕ್ಕೆ ಆಧಾರ ತರಾಸು ಕಾದಂಬರಿಗಳೇ ಎಂಬುದು ಗೊತ್ತಿಲ್ಲ. ವೀರರಿಗೆ ಪ್ರತಿಮೆ, ವೃತ್ತ, ಜಯಂತಿ ಎಲ್ಲ ಇರಲಿ. ಪ್ರತಿಮೆಯ ವೀರನಿಗೆ ಸಂಶಯವಿಲ್ಲ, ಪಶ್ಚಾತ್ತಾಪವಿಲ್ಲ. ಕಾದಂಬರಿಯಲ್ಲಿ ಸಿಗುವವನು ತಪ್ಪು ಹೆಜ್ಜೆ ಇಡುತ್ತಾನೆ, ತನ್ನವರನ್ನು ನಂಬಲೋ ಬೇಡವೋ ಎಂದು ತೊಳಲುತ್ತಾನೆ. ನಾಯಕರನ್ನು ಬಾವುಟಕ್ಕೆ ಏರಿಸಿ ಜಗಳಕ್ಕೆ ಬಳಸುವುದು ಸುಲಭವಾಗಿರುವ ಈ ಕಾಲದಲ್ಲಿ ಅವರನ್ನು ಮನುಷ್ಯರನ್ನಾಗಿ ಉಳಿಸಿಕೊಟ್ಟ ಪುಸ್ತಕಗಳನ್ನು ಎಳೆಯರ ಕೈಗೆ ಕೊಡುವುದು ತುರ್ತಿನ ಕೆಲಸ.

ಇನ್ನೊಂದು ಮಾತು. ಇಂಥ ಲೇಖಕರನ್ನು ವಿಮರ್ಶೆ ಬಹಳ ಸಲ ‘ಜನಪ್ರಿಯ’ ಎಂಬ ಪಟ್ಟಿಗೆ ಸೇರಿಸಿ ಮುಂದೆ ಹೋಗಿದೆ. ಜನರ ಆ ಪ್ರೀತಿಯ ಗುಣವೇನು, ತೂಕವೇನು ಎಂಬುದಕ್ಕೆ ಸಾಕ್ಷಿ ಹೇಳಬೇಕಾದವರು ಓದುಗರು. ಶೇಂಗಾ ಸುಲಿಯುತ್ತಾ ಕತೆ ಕೇಳಿದ ಹೆಂಗಸರ ಸಾಕ್ಷಿ ಎಲ್ಲೂ ದಾಖಲಾಗಿಲ್ಲ. ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬೇರೂರಿದ್ದೇ ಓದುಗರ ಬಳಿಗೆ ನಡೆದುಹೋದವರಿಂದ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಶಾಲಾ ಮಾಸ್ತರಿಕೆ ಮಾಡಿದವರು, ತಮ್ಮ ಐತಿಹಾಸಿಕ ಕಾದಂಬರಿಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಲೇಖಕರೇ ಅಷ್ಟು ದೂರ ಬಂದಿರುವಾಗ ಓದುಗರು ನಾಲ್ಕು ಹೆಜ್ಜೆ ಎದುರು ಹೋಗಲಾರರೇ?

ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಜಿಲ್ಲೆಯ ಪ್ರತಿ ಅರಿವು ಕೇಂದ್ರದಲ್ಲೂ ದುರ್ಗದ ಈ ಎಂಟೂ ಕಾದಂಬರಿಗಳು ಇರಬೇಕು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಲಿ. ಪುಸ್ತಕದ ಕೊನೆಯ ಪುಟದಲ್ಲಿ ಗೀಚುತ್ತಿದ್ದುದನ್ನು ಓದುಗರು ಆ ನೋಟ್‌ಬುಕ್ಕಿನಲ್ಲಿ ಬರೆಯಲಿ, ಆ ಹಾಳೆಗಳನ್ನು ವರ್ಷಕ್ಕೊಮ್ಮೆ ಲೇಖಕರಿಗೆ, ಅವರಿಲ್ಲದಿದ್ದರೆ ಪ್ರಕಾಶಕರಿಗೆ ಕಳಿಸಲಿ. ಬೇಡಿಕೆ ಕಣ್ಣಿಗೆ ಕಂಡರೆ ಪುಸ್ತಕ ಮರುಮುದ್ರಣವಾಗುತ್ತದೆ. ಕೋಟೆಯ ಬಾಗಿಲಲ್ಲಿ ಸೌತೆಕಾಯಿ, ಟೋಪಿ, ನೀರಿನ ಬಾಟಲಿ ಸಿಗುವಷ್ಟು ಸುಲಭವಾಗಿ ಈ ಕಾದಂಬರಿಗಳೂ ಸಿಗುವಂತಾಗಬೇಕು. ಶಾಲಾ ಪ್ರವಾಸ ಬರುವ ಶಿಕ್ಷಕರು ಮಕ್ಕಳನ್ನು ಒಂದು ನೆರಳಿನಲ್ಲಿ ಕೂರಿಸಿ ನಾಲ್ಕು ಪುಟ ಗಟ್ಟಿಯಾಗಿ ಓದಲಿ. ಅದಕ್ಕೆ ಸುತ್ತೋಲೆ ಬರಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ನಮ್ಮ ನಡುವೆ ಇಂದು ಬರೆಯುತ್ತಿರುವವರು. ನಮ್ಮೂರಿನ ಬಿ.ಎಲ್. ವೇಣು ಅವರು ಇದೇ ನಾಯಕರ ಮೇಲೆ ಕಾದಂಬರಿಗಳನ್ನು ಕೊಟ್ಟಿದ್ದಾರೆ. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದಮೇಲೆ ವಿಜಯನಗರದ ಕಾಲವನ್ನು ಮೊಬೈಲ್ ಹಿಡಿದ ತಲೆಮಾರು ಮತ್ತೆ ಓದಿತು. ಒಂದು ಐತಿಹಾಸಿಕ ಕಾದಂಬರಿಯ ಹಿಂದೆ ವರ್ಷಗಟ್ಟಲೆ ಓದು, ತಿರುಗಾಟ, ಟಿಪ್ಪಣಿ ಇರುತ್ತದೆ. ಆ ಕಾಲದ ಜನ ಏನು ಉಣ್ಣುತ್ತಿದ್ದರು, ಏನು ಉಡುತ್ತಿದ್ದರು ಎಂಬ ಒಂದು ಸಾಲು ಬರೆಯಲು ಹತ್ತು ಪುಸ್ತಕ ತಿರುವಬೇಕಾದೀತು. ಆ ದುಡಿಮೆ ಸಾರ್ಥಕವಾಯಿತೇ ಎಂಬುದಕ್ಕೆ ಉತ್ತರ ಓದುಗರ ಹತ್ತಿರ ಮಾತ್ರ ಇದೆ. ಅದನ್ನು ಶ್ರದ್ಧಾಂಜಲಿ ಸಭೆಯವರೆಗೆ ಕಾಯಿಸಬಾರದು.

ಬರೆಯುವಾಗ ‘ನಿಮ್ಮ ಪುಸ್ತಕ ಚೆನ್ನಾಗಿದೆ’ ಎಂಬಲ್ಲಿಗೆ ನಿಲ್ಲಿಸಬೇಡಿ. ಯಾವ ಪಾತ್ರ ನಿಮ್ಮನ್ನು ಬಿಡಲಿಲ್ಲ, ಯಾವ ಅಧ್ಯಾಯವನ್ನು ಯಾರಿಗೆ ಓದಿ ಹೇಳಿದಿರಿ, ಆ ಕಾದಂಬರಿ ಓದಿ ಯಾವ ಊರಿಗೆ ಹೋಗಿ ಬಂದಿರಿ ಎಂದು ಬರೆಯಿರಿ. ಒಪ್ಪದ ಮಾತಿದ್ದರೆ ಅದನ್ನೂ ಬರೆಯಿರಿ, ಅದೂ ಗಮನವಿಟ್ಟು ಓದಿದ್ದಕ್ಕೆ ಗುರುತೇ. ತರಾಸು ಅವರಿಗೆ ನಾನು ಸಲ್ಲಿಸುವುದು ಇದು: ಸ್ವಾಮಿ, ಅಕ್ಷರ ಬಾರದ ನಮ್ಮ ಓಣಿಯ ಹೆಂಗಸರಿಗೆ ಅವರದೇ ಊರಿನ ಚರಿತ್ರೆಯ ಬಗ್ಗೆ ವಾದ ಮಾಡುವ ಅಧಿಕಾರ ನಿಮ್ಮಿಂದ ಬಂತು. ಆ ವಾದ ಕೇಳುತ್ತಾ ಬೆಳೆದ ಹುಡುಗಿ ಚರಿತ್ರೆ ಪಾಠ ಹೇಳುವವಳಾದಳು. ಇದನ್ನು ಬಾಡಿಗೆ ಪುಸ್ತಕದಲ್ಲಿ ಬರೆಯದೆ ಎಲ್ಲರೂ ಓದುವ ಪತ್ರಿಕೆಯಲ್ಲಿ, ನನ್ನ ಊರು ಹೇಳಿ ಬರೆಯುತ್ತಿದ್ದೇನೆ. ನಿಮಗೆ ಸಂತೋಷ ಕೊಟ್ಟ ಲೇಖಕರು ಬದುಕಿದ್ದರೆ, ಈ ವಾರವೇ ನೀವೂ ಬರೆಯಿರಿ.