ಪ್ರಯಾಣದ ಕೀಲಿಮಣೆಯಲ್ಲಿ ‘ಡ’ ಎಲ್ಲಿ?

ನಮ್ಮ ಸಂಘದ ಕೆಲವು ಮನೆಗಳಲ್ಲಿ ಕಾಲೇಜು ಮೆಟ್ಟಿಲೇರಿದ ಮಕ್ಕಳು ಗಣಕದ ಕೀಲಿಮಣೆಯನ್ನು ತಾವೇ ಜೋಡಿಸಿಕೊಳ್ಳುತ್ತಿದ್ದಾರೆ. ಹಿರಿಯರು ಇದನ್ನು ದುಡ್ಡು ದಂಡ ಎನ್ನುವುದುಂಟು. ನಾವು ಹಾಗೆನ್ನುವುದಿಲ್ಲ. ಸೆರಿಟೋಸ್‌ನಿಂದ ಸ್ಯಾನ್ ಡಿಯಾಗೋಗೆ ಆಗಾಗ್ಗೆ ಓಡಾಡುವ ನಮಗೆ ರೈಲಿನ ಪುಟ್ಟ ಮೇಜಿನ ಮೇಲೆ ಇಡಬಲ್ಲ ಕೀಲಿಮಣೆ ಎಷ್ಟು ಅನುಕೂಲವೆಂಬುದು ಗೊತ್ತು. ನಮ್ಮ ತಕರಾರು ಬೇರೆ.

ಮಾಮೂಲು ಕೀಲಿಮಣೆಯಲ್ಲಿ ನೂರಕ್ಕೂ ಮಿಕ್ಕಿ ಕೀಲಿಗಳಿರುತ್ತವೆ. ಪ್ರಯಾಣಕ್ಕೆಂದು ಮಕ್ಕಳು ಮೆಚ್ಚುವ ಒಂದು ಮಾದರಿಯಲ್ಲಿ 47 ಮಾತ್ರ. ಕೀಲಿಯಿಂದ ಕೀಲಿಗೆ 19.05 ಮಿಲಿಮೀಟರಿನಂತೆ ಸಾಲಿಗೆ ಹನ್ನೆರಡು, ನಾಲ್ಕು ಸಾಲು. ಅಂದರೆ ಸುಮಾರು 23 ಸೆಂಟಿಮೀಟರ್ ಉದ್ದ, ಎಂಟಕ್ಕೆ ತುಸು ಕಡಿಮೆ ಅಗಲ. ಅಂಕಿಗಳ ಸಾಲು ಹೋಯಿತು, ಬಲತುದಿಯ ಚೌಕ ಆವರಣದ ಕೀಲಿಗಳೂ ಹೋದವು. ಇನ್ನೊಂದು ಕೀಲಿಯನ್ನು ಅದುಮಿ ಹಿಡಿದರೆ ಅವು ಸಿಗುತ್ತವೆ. ಇಂಗ್ಲಿಷಿಗೆ ಇದರಿಂದ ನಷ್ಟವೇನಿಲ್ಲ.

ಕನ್ನಡಕ್ಕೆ ಇದೆ. ಭಾರತ ಸರ್ಕಾರದ ಕಡೆಯಿಂದ 1980ರ ದಶಕದಲ್ಲಿ ಬಂದ ಇನ್‌ಸ್ಕ್ರಿಪ್ಟ್ ವಿನ್ಯಾಸವೇ ಗಣಕದಲ್ಲಿ ‘ಕನ್ನಡ’ ಎಂದು ಆರಿಸಿದಾಗ ಸಾಮಾನ್ಯವಾಗಿ ಸಿಗುವುದು. ಅದರಲ್ಲಿ ‘ಡ’ ಕುಳಿತಿರುವುದು ಚೌಕ ಆವರಣದ ಕೀಲಿಯ ಮೇಲೆ. ಅದನ್ನೇ ಕಿತ್ತುಹಾಕಿದ ಮೇಲೆ ಗುಡಿ, ಗಾಡಿ, ಅಡಿಗೆ ಹಾಗಿರಲಿ, ‘ಕನ್ನಡ’ ಎಂದು ಬರೆಯುವುದಕ್ಕೇ ಸರ್ಕಸ್ಸು ಮಾಡಬೇಕು! ಹುಡುಗರು ಎರಡು ದಿನ ಹೆಣಗಿ ಇಂಗ್ಲಿಷ್ ಲಿಪಿಗೆ ಇಳಿಯುತ್ತಾರೆ. ಊರಿನ ಅಜ್ಜಿಗೆ ಬಲೆ, ಬಳೆ, ಬಾಳೆ ಮೂರೂ ಒಂದೇ ಕಾಗುಣಿತದಲ್ಲಿ ಹೋಗಿ ಮುಟ್ಟುತ್ತವೆ.

ಪರಿಹಾರ ಕಷ್ಟದ್ದಲ್ಲ. ಕೀಲಿಮಣೆಗೆ ಯಾವ ಭಾಷೆಯೂ ಬಾರದು; ಇಂಥ ಕೀಲಿ ಒತ್ತಲಾಯಿತು ಎಂದಷ್ಟೇ ಅದು ಹೇಳುತ್ತದೆ, ಅಕ್ಷರವನ್ನು ತೀರ್ಮಾನಿಸುವುದು ಗಣಕ. ಮಣೆಯೊಳಗಿನ ತಂತ್ರಾಂಶವನ್ನು, ಉದಾಹರಣೆಗೆ ಕ್ಯೂಎಂಕೆಯನ್ನು, ತಿದ್ದಿ ಹೆಬ್ಬೆರಳ ಬಳಿಯ ಕೀಲಿಗೆ ಚೌಕ ಆವರಣವನ್ನು ಕೊಟ್ಟರೆ ‘ಡ’ ಮರಳಿ ಬಂತು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಕಿನ್ನಿಕಂಬಳದ ಕೆ. ಪಿ. ರಾಯರ ವಿನ್ಯಾಸ. ಕರ್ನಾಟಕ ಸರ್ಕಾರ ಒಪ್ಪಿಕೊಂಡದ್ದು, ‘ನುಡಿ’ಯಲ್ಲಿರುವುದು ಅದೇ. ಇಡೀ ವರ್ಣಮಾಲೆ ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಕವಾಗಿದೆ: ‘ಕೆ’ ಒತ್ತಿದರೆ ಕ, ಶಿಫ್ಟ್ ಸೇರಿದರೆ ಖ, ‘ಡಬ್ಲ್ಯು’ ಒತ್ತಿದರೆ ಡ, ಒತ್ತಕ್ಷರಕ್ಕೆ ‘ಎಫ್’. ‘ಕನ್ನಡ’ಕ್ಕೆ ಐದೇ ಒತ್ತು. ಪುಟ್ಟ ಮಣೆಗೆಂದೇ ಅಳತೆ ಕೊಟ್ಟು ಹೊಲಿಸಿದಂತಿದೆ.

ಕೀಲಿಗಳ ಮೇಲೆ ಕನ್ನಡ ಅಕ್ಷರ ಬೇಕೆ? ಕಲಿಯುವ ಮಕ್ಕಳಿಗೆ ಬೇಕೇ ಬೇಕು. ಇಲ್ಲಿ ರಸಾಯನಶಾಸ್ತ್ರದ ಒಂದು ಮಾತು. ಅಗ್ಗದ ಟೋಪಿಗಳು ಎಬಿಎಸ್ ಪ್ಲಾಸ್ಟಿಕ್ಕಿನವು. ಬೆರಳ ಉಜ್ಜಾಟ, ಜಿಡ್ಡಿಗೆ ಬೇಗ ಮಿರುಗತೊಡಗುತ್ತವೆ. ಪಿಬಿಟಿ ಎಂಬುದು ಪಾಲಿಯೆಸ್ಟರ್ ಜಾತಿಯದು, ನಮ್ಮ ಅಂಗಿಬಟ್ಟೆಯ ದಾಯಾದಿ. ಬಣ್ಣವನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆವಿಯಾಗಿಸಿ ಅದರ ಮೈಯೊಳಕ್ಕೇ ಇಳಿಸಬಹುದು. ಪಿಬಿಟಿ ಕರಗುವುದು 220ರ ಮೇಲೆ. ಎಬಿಎಸ್ ನೂರು ದಾಟುತ್ತಿದ್ದಂತೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಹಾಗಾಗಿ ಕನ್ನಡ ಅಕ್ಷರದ ಟೋಪಿ ಮಾಡಿಸುವವರು ಪಿಬಿಟಿಯನ್ನೇ ಕೇಳಿ. ಸ್ವಿಚ್ಚಿನಲ್ಲಿ ಟಿಕ್ ಟಿಕ್ ಎನ್ನುವ ಜಾತಿ ಬೇಡ, ರೈಲಿನಲ್ಲಿ ಪಕ್ಕದವರ ಶಾಪ ತಟ್ಟೀತು.

ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆಯುತ್ತದಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ಎರಡು ಸಾಲಿಗೆ ಸರಿ. ಆದರೆ ಅದು ತನಗೆ ಗೊತ್ತಿರುವ ಪದವನ್ನು ಊಹಿಸಿ ಹಾಕುತ್ತದೆ. ಕುಂದಾಪುರದ ಮಾತು, ಹವ್ಯಕರ ಮನೆಮಾತು ಅದರ ಕೈಯಲ್ಲಿ ಏನೇನೋ ಆಗುತ್ತವೆ. ಪುಟಗಟ್ಟಲೆ ಬರೆಯುವವರಿಗೆ ಬೆರಳೇ ಗತಿ. ಈ ಪತ್ರಿಕೆಗೆ ಎಳೆಯರ ಬರಹಗಳು ಬರಬೇಕೆಂದು ನಾವೆಲ್ಲ ಹಂಬಲಿಸುತ್ತೇವಲ್ಲ, ಅವರು ತಮ್ಮ ಕೈಯಾರೆ ಕಟ್ಟುವ ಮಣೆಯಲ್ಲಿ ಕನ್ನಡಕ್ಕೆ ಜಾಗ ಕೇಳುವುದು ನಮ್ಮ ಪಾಲಿನ ಕೆಲಸ.

ಮುಂದಿನ ರಾಜ್ಯೋತ್ಸವದ ದಿನ ಊಟದ ಹಾಲಿನ ಮೂಲೆಯಲ್ಲಿ ಒಂದು ಮೇಜು ಸಿಕ್ಕರೆ, ಬಯಸಿದ ಮಕ್ಕಳ ಮಣೆಗಳಿಗೆ ಅಲ್ಲೇ ‘ಡ’ ಕೂರಿಸಿಕೊಡುತ್ತೇವೆ. ಬೆಸುಗೆಯ ಸಲಕರಣೆ ನಾವೇ ತರುತ್ತೇವೆ. ಕಿಟಕಿ ತೆಗೆದಿರಲಿ, ಆ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ.