ದಾರಿಯಿಲ್ಲದ ಊರಿನ ಬಸ್ಸು

ಮೊನ್ನೆ ಏಳನೆಯ ತರಗತಿಯಲ್ಲಿ ಭೂಗೋಳದ ಪಾಠ ನಡೆಯುತ್ತಿತ್ತು. ಭೂಪಟದ ಮೇಲ್ತುದಿಯಲ್ಲಿ ಏಷ್ಯವೂ ಅಮೆರಿಕವೂ ಪರಸ್ಪರ ಕೈಚಾಚಿದಂತೆ ತೋರುವ ಬೇರಿಂಗ್ ಜಲಸಂಧಿಯನ್ನು ನಾವು ಕೋಲಿನಿಂದ ತೋರಿಸಿ, ಅಲಾಸ್ಕದ ಆ ಭಾಗದಲ್ಲಿ ಊರಿಂದೂರಿಗೆ ರಸ್ತೆಯೇ ಇಲ್ಲವೆಂದು ಹೇಳಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ರಸ್ತೆ ಇಲ್ಲದಿದ್ದರೆ ಅಲ್ಲಿಗೆ ಬಸ್ಸು ಹೇಗೆ ಹೋಗುತ್ತದೆ, ಮಾಷ್ಟ್ರೇ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಮಗೆ ನಗು ಬರಲಿಲ್ಲ. ಎರಡು ಬಸ್ಸು ಬದಲಿಸಿ ಶಾಲೆಗೆ ಬರುವ ಹುಡುಗ ಅವನು. ಬಸ್ಸು ಬಾರದ ದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯೇ ಗತಿ. ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಈ ತಿಂಗಳ ಪುಟದಲ್ಲಿ ಪೂರ್ತಿಗೊಳಿಸಲು ಯತ್ನಿಸುತ್ತೇವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳಲ್ಲಿ ಅಲಾಸ್ಕವೇ ಅತಿ ದೊಡ್ಡದು. ಅದರ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೋಮೀಟರು, ಎಂದರೆ ಭಾರತದ ಅರ್ಧಕ್ಕಿಂತ ಮಿಗಿಲು. ಜನಸಂಖ್ಯೆಯಾದರೋ ಏಳು ಲಕ್ಷ ಚಿಲ್ಲರೆ. 2011ರ ಜನಗಣತಿಯಂತೆ ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲೇ 13 ಲಕ್ಷ ಜನರಿದ್ದರೆಂಬುದನ್ನು ನೆನೆದರೆ ಆ ನಾಡಿನ ವಿರಳ ವಸತಿಯ ಕಲ್ಪನೆ ಬಂದೀತು. ಪಶ್ಚಿಮ ಕರಾವಳಿಯಲ್ಲಿ, ನಾರ್ಟನ್ ಕೊಲ್ಲಿಯ ದಡದಲ್ಲಿ, ನೋಮ್ ಎಂಬ ಪೇಟೆಯಿದೆ. 1898ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಮುತ್ತಿದರು. ಚಿನ್ನ ಕರಗಿದಂತೆ ಜನವೂ ಕರಗಿ, ಈಗ ಮೂರೂವರೆ ಸಾವಿರಕ್ಕೆ ತುಸು ಮೇಲ್ಪಟ್ಟ ಜನ ಉಳಿದಿದ್ದಾರೆ. ಆ ಪೇಟೆಯಿಂದ ಹೊರಡುವ ಮೂರು ರಸ್ತೆಗಳು ಆ ಪ್ರಾಂತದೊಳಗೇ ಮುಗಿದುಹೋಗುತ್ತವೆ. ರಾಜ್ಯದ ದೊಡ್ಡ ನಗರವಾದ ಆಂಕರೇಜಿಗೆ ಅಲ್ಲಿಂದ ರಸ್ತೆಯಿಲ್ಲ. ಬೇಸಗೆಯಲ್ಲಿ ಸರಕುದೋಣಿಗಳು ಬರುತ್ತವೆ. ಚಳಿಗಾಲದಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಹಗಲೆಂಬುದು ಸುಮಾರು ನಾಲ್ಕು ಗಂಟೆಗಳ ಅವಧಿ ಮಾತ್ರ. ಸುತ್ತಮುತ್ತ ಕೊಲ್ಲಿಯ ಅಂಚಿನಲ್ಲಿ, ದ್ವೀಪಗಳಲ್ಲಿ, ಇನುಪಿಯಾಟ್ ಮತ್ತು ಯೂಪಿಕ್ ಎಂಬ ಮೂಲನಿವಾಸಿ ಜನರ ಹಳ್ಳಿಗಳು ಚದುರಿಕೊಂಡಿವೆ. ಇನ್ನೂರು, ಐನೂರು, ಹೆಚ್ಚೆಂದರೆ ಏಳೆಂಟು ನೂರು ಜನರಿರುವ ಊರುಗಳವು.

1925ರ ಜನವರಿಯಲ್ಲಿ ನೋಮಿನಲ್ಲಿ ಗಂಟಲಮಾರಿ ಹಬ್ಬಿ ಮಕ್ಕಳು ಸಾಯತೊಡಗಿದರು. ಔಷಧಿಯನ್ನು ರೈಲಿನಲ್ಲಿ ನೆನಾನಾ ಎಂಬಲ್ಲಿಯ ತನಕ ತರಬಹುದಾಗಿತ್ತು. ಅಲ್ಲಿಂದ ಮುಂದೆ ಸಾವಿರ ಕಿಲೋಮೀಟರಿಗೂ ಹೆಚ್ಚು ಹಿಮ. ವಿಮಾನದಲ್ಲಿ ಕಳುಹಿಸೋಣವೇ ಎಂಬ ಚರ್ಚೆ ನಡೆಯಿತಾದರೂ, ಅಂದಿನ ತೆರೆದ ವಿಮಾನಗಳನ್ನು ಆ ಚಳಿಯಲ್ಲಿ ನಂಬುವ ಧೈರ್ಯ ಯಾರಿಗೂ ಬರಲಿಲ್ಲ. ಇಪ್ಪತ್ತು ಮಂದಿ ಸಾರಥಿಗಳು, ಒಬ್ಬರಿಂದೊಬ್ಬರು ಕೈ ಬದಲಿಸಿಕೊಳ್ಳುತ್ತ, ನಾಯಿಗಳೆಳೆಯುವ ಜಾರುಬಂಡಿಗಳಲ್ಲಿ ಐದೂವರೆ ದಿನದಲ್ಲಿ ಔಷಧಿಯನ್ನು ಮುಟ್ಟಿಸಿದರು. ಎರಡೇ ವರ್ಷಗಳಲ್ಲಿ, 1927ರಲ್ಲಿ, ನೋಯಲ್ ವೀನ್ ಎಂಬ ವೈಮಾನಿಕರು ನೋಮಿಗೂ ಫೇರ್‌ಬ್ಯಾಂಕ್ಸಿಗೂ ನಡುವೆ ಕ್ರಮಬದ್ಧ ವಿಮಾನ ಸಂಚಾರವನ್ನು ಆರಂಭಿಸಿದರು. ಅವರ ಸೋದರರೂ ಆ ಕಾಯಕಕ್ಕೆ ಇಳಿದರು. ಆ ಸೋದರರಲ್ಲಿ ಒಬ್ಬರಾದ ರಾಲ್ಫ್ ವೀನ್ 1930ರಲ್ಲಿ ಕೋಟ್ಜೆಬ್ಯೂ ಎಂಬಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಒಂದು ಮನೆತನವು ಆಕಾಶದಲ್ಲಿ ದಾರಿ ಕಡಿಯುವುದೂ, ಆ ದಾರಿಗೆ ತನ್ನವರನ್ನೇ ತೆರುವುದೂ ಆ ನಾಡಿನಲ್ಲಿ ಹೀಗೆ ಮೊದಲಾಯಿತು.

ನಾವು ಹೇಳಹೊರಟಿರುವ ಸಂಸ್ಥೆ ಅದೇ ದಾರಿಯಲ್ಲಿ ಬಂದುದು. ಅದರ ಹೆಸರು ಬೇರಿಂಗ್ ಏರ್. 1979ರಲ್ಲಿ ಜಿಮ್ ರೋ ಎಂಬ ವೈಮಾನಿಕರು ನೋಮಿನಲ್ಲಿ ಇದನ್ನು ಸ್ಥಾಪಿಸಿದರು. ಇಂದಿಗೂ ಇದು ಅವರ ಕುಟುಂಬದ ಸಂಸ್ಥೆ. ನೋಮ್, ಕೋಟ್ಜೆಬ್ಯೂ, ಉನಲಕ್ಲೀಟ್ ಎಂಬ ಮೂರು ನೆಲೆಗಳಿಂದ ಮೂವತ್ತಕ್ಕೂ ಮಿಕ್ಕಿದ ಹಳ್ಳಿಗಳಿಗೆ ಇದರ ವಿಮಾನಗಳು ಹೋಗಿಬರುತ್ತವೆ. ವಿಮಾನವೆಂದೊಡನೆ ವಾಚಕರು ಮಂಗಳೂರಿನ ನಿಲ್ದಾಣದಲ್ಲಿ ಕಾಣುವ ಭಾರೀ ಹಕ್ಕಿಯನ್ನು ಕಲ್ಪಿಸಿಕೊಳ್ಳಬಾರದು. ಇಲ್ಲಿ ಹೆಚ್ಚು ದುಡಿಯುವುದು ಸೆಸ್ನಾ ಕ್ಯಾರವಾನ್ ಎಂಬ ಒಂದೇ ಎಂಜಿನಿನ ವಿಮಾನ. ಒಬ್ಬ ಚಾಲಕ, ಒಂಬತ್ತು ಪ್ರಯಾಣಿಕರು, ಮಿಕ್ಕ ಜಾಗವೆಲ್ಲ ಸಾಮಾನಿಗೆ. ಹತ್ತುವ ಮುನ್ನ ಸಾಮಾನಿನಂತೆ ಪ್ರಯಾಣಿಕನ ತೂಕವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಳ್ಳಿಯಲ್ಲಿ ಇಳಿಯುವುದು ಜಲ್ಲಿ ಹಾಸಿದ ರನ್‌ವೇಯ ಮೇಲೆ. ಹಿಮದ ಮೇಲೋಡುವ ಮೋಟಾರು ಬಂಡಿಗೆ ಜಾರುಗಾಡಿಯನ್ನು ಕಟ್ಟಿಕೊಂಡು ಊರವರು ಕಾದಿರುತ್ತಾರೆ. ಐದು ನಿಮಿಷದಲ್ಲಿ ಜನ ಇಳಿದು, ಜನ ಹತ್ತಿ, ಪೆಟ್ಟಿಗೆಗಳು ಕೈ ಬದಲಾಗಿ, ವಿಮಾನ ಮುಂದಿನ ಊರಿಗೆ ಏಳುತ್ತದೆ. ನಮ್ಮ ಕಡೆಯ ಖಾಸಗಿ ಸರ್ವಿಸು ಬಸ್ಸು ಕಟ್ಟೆಯ ಬಳಿ ನಿಂತು ಹೊರಡುವ ರೀತಿಯೇ ಸರಿ.

ಆ ಪೆಟ್ಟಿಗೆಗಳಲ್ಲಿ ಏನಿರುತ್ತದೆ? ಅಂಗಡಿಗೆ ಬರುವ ಹಿಟ್ಟು, ಹಾಲು, ಮೊಟ್ಟೆ, ಮಗುವಿನ ಬಟ್ಟೆ, ಯಂತ್ರದ ಬಿಡಿಭಾಗ, ಔಷಧಿ, ಟಪಾಲು. ಅಲಾಸ್ಕಕ್ಕೆ ಮಾತ್ರ ಸಲ್ಲುವ ಒಂದು ವಿಚಿತ್ರ ಅಂಚೆ ಪದ್ಧತಿ ಅಲ್ಲಿದೆ. ಅಂಗಡಿಯ ಸಾಮಾನನ್ನು ಕನಿಷ್ಠ 1,000 ಪೌಂಡು, ಎಂದರೆ ಸುಮಾರು 450 ಕಿಲೋ ತೂಗುವ ಕಟ್ಟುಗಳಾಗಿ ಮಾಡಿ, ಅಂಚೆ ಕಚೇರಿಯ ಮೆಟ್ಟಿಲು ಹತ್ತಿಸದೆಯೇ, ನೇರವಾಗಿ ವಿಮಾನದವರಿಗೆ ಒಪ್ಪಿಸಬಹುದು. ತೆರುವುದು ಮಾತ್ರ ಅಂಚೆಯ ಸುಲಭ ದರ. ವಿಮಾನದವರಿಗೆ ಸಲ್ಲಬೇಕಾದ ಹೆಚ್ಚಿನ ಬಾಡಿಗೆಯನ್ನು ಅಂಚೆ ಇಲಾಖೆ ಭರಿಸುತ್ತದೆ. ಇಲಾಖೆಗೆ ಇದು ನಷ್ಟದ ಬಾಬತ್ತೇ ಹೌದು. ಆದರೆ ಆ ನಷ್ಟವಿಲ್ಲದಿದ್ದರೆ ಹಿಮದ ಹಳ್ಳಿಯ ತಾಯಿ ಮಗುವಿಗೆ ಹಾಲು ಕೊಳ್ಳುವುದು ಇನ್ನೂ ದುಬಾರಿಯಾಗುತ್ತಿತ್ತು. ಇಂತಹ ಆಸರೆಯಿಲ್ಲದೆ ಖಾಸಗಿ ಸಂಸ್ಥೆಯೊಂದು ಬರಿಯ ಟಿಕೇಟಿನ ಹಣದಿಂದ ಆ ದಾರಿಗಳಲ್ಲಿ ಬಾಳುವುದು ಕಷ್ಟ. ಕುಟುಂಬದ ಸಾಹಸ, ಸರಕಾರದ ಆಸರೆ ಎರಡೂ ಕೂಡಿಯೇ ಈ ಬಂಡಿ ಹಾರುತ್ತಿದೆಯೆಂಬುದನ್ನು ಮರೆಯಲಾಗದು.

ಹಳ್ಳಿಗಳಲ್ಲಿ ಚಿಕ್ಕ ಚಿಕಿತ್ಸಾಲಯಗಳಿವೆ, ತರಬೇತಾದ ಆರೋಗ್ಯ ಸಹಾಯಕಿಯರಿದ್ದಾರೆ. ದೊಡ್ಡ ಆಸ್ಪತ್ರೆ ಇರುವುದು ನೋಮಿನಲ್ಲಿ. ತುಂಬು ಬಸುರಿಯರು ಹೆರಿಗೆಗೆ ವಾರಗಟ್ಟಲೆ ಮೊದಲೇ ವಿಮಾನವೇರಿ ಪೇಟೆಗೆ ಬಂದು ಕಾಯುತ್ತಾರೆ. ಕೂಸು ತನ್ನ ಊರನ್ನು ಮೊದಲು ನೋಡುವುದು ವಿಮಾನದ ಕಿಟಕಿಯಿಂದ.

ಶಾಲೆಯ ವಿಷಯವನ್ನು ಉಪಾಧ್ಯಾಯರಾದ ನಾವು ಬಿಡುವುದೆಂತು? 1970ರ ದಶಕದ ವರೆಗೆ ಆ ಹಳ್ಳಿಗಳ ಬಹುಪಾಲು ಮಕ್ಕಳು ಹೈಸ್ಕೂಲು ಓದಬೇಕಾದರೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರು ದೂರದ ವಸತಿಶಾಲೆಗಳಿಗೆ ಹೋಗಬೇಕಾಗಿತ್ತು. ತಾಯ್ನುಡಿಯೂ ತಾಯಿಯ ಅಡುಗೆಯೂ ಒಟ್ಟಿಗೆ ತಪ್ಪುತ್ತಿದ್ದವು. ಆಗ ವಿಮಾನವೆಂದರೆ ಮಕ್ಕಳನ್ನು ಕೊಂಡೊಯ್ಯುವ ವಾಹನ. 1972ರಲ್ಲಿ ಮಾಲಿ ಹೂಚ್ ಎಂಬ ಯೂಪಿಕ್ ಹುಡುಗಿಯ ಹೆಸರಿನಲ್ಲಿ ನ್ಯಾಯಾಲಯಕ್ಕೆ ದಾವೆ ಹೋಯಿತು. 1976ರಲ್ಲಿ ರಾಜಿಯಾಗಿ, 126 ಹಳ್ಳಿಗಳಲ್ಲಿ ಹೈಸ್ಕೂಲು ಕೊಡಲು ರಾಜ್ಯವು ಒಪ್ಪಿತು. ಅಂದಿನಿಂದ ವಿಮಾನದ ಕೆಲಸ ತಿರುಗುಮುರುಗಾಯಿತು. ಮಕ್ಕಳನ್ನು ಒಯ್ಯುತ್ತಿದ್ದ ವಾಹನವು ಉಪಾಧ್ಯಾಯರನ್ನೂ ಪುಸ್ತಕಗಳನ್ನೂ ಹಳ್ಳಿಗೆ ತರತೊಡಗಿತು. ಪಕ್ಕದ ಶಾಲೆಯೊಡನೆ ಬಾಸ್ಕೆಟ್‌ಬಾಲ್ ಆಡಲು ಹುಡುಗರು ಈಗಲೂ ವಿಮಾನದಲ್ಲೇ ಹೋಗುತ್ತಾರೆ. ಒಂದೇ ವಾಹನ ಊರನ್ನು ಬರಿದು ಮಾಡಲೂಬಲ್ಲುದು, ತುಂಬಲೂಬಲ್ಲುದು. ಅದು ಯಾವ ದಿಕ್ಕಿಗೆ ಏನನ್ನು ಒಯ್ಯುತ್ತದೆಂಬುದೇ ಮುಖ್ಯ.

ಗಡಿಯವರಾದ ನಮ್ಮ ಮನಸ್ಸಿಗೆ ತಟ್ಟುವ ಇನ್ನೊಂದು ಸಂಗತಿಯಿದೆ. ನೋಮಿನಿಂದ ಪಶ್ಚಿಮಕ್ಕೆ, ಸಮುದ್ರಮಧ್ಯದಲ್ಲಿ, ಸೇಂಟ್ ಲಾರೆನ್ಸ್ ದ್ವೀಪವಿದೆ. ಅಲ್ಲಿಯ ಗ್ಯಾಂಬೆಲ್ ಮತ್ತು ಸವೂಂಗ ಎಂಬ ಎರಡು ಹಳ್ಳಿಗಳು ಅಲಾಸ್ಕದ ನೆಲಕ್ಕಿಂತ ರಷ್ಯದ ನೆಲಕ್ಕೇ ಸಮೀಪ. ಎರಡು ದಡದವರೂ ಒಂದೇ ಯೂಪಿಕ್ ನುಡಿಯವರು, ಕೊಡುಕೊಳುವ ಬಂಧುಗಳು. 1867ರಲ್ಲಿ ರಷ್ಯವು ಅಲಾಸ್ಕವನ್ನು ಅಮೆರಿಕಕ್ಕೆ ಮಾರಿದಾಗ ನಡುವೆ ಗೆರೆ ಬಿತ್ತು. ಆದರೂ ದೋಣಿಗಳು ಹೋಗಿಬರುತ್ತಿದ್ದವು. 1948ರಲ್ಲಿ ಗಡಿಯನ್ನು ಮುಚ್ಚಲಾಯಿತು. ಅಕ್ಕ ಒಂದು ದಡದಲ್ಲಿ, ತಂಗಿ ಇನ್ನೊಂದು ದಡದಲ್ಲಿ. ನಲವತ್ತು ವರ್ಷ ಪತ್ರವಿಲ್ಲ, ಮುಖವಿಲ್ಲ. ಕೊನೆಗೆ 1988ರ ಜೂನ್ 13ರಂದು ಅಲಾಸ್ಕ ಏರ್‌ಲೈನ್ಸ್ ಸಂಸ್ಥೆಯ ದೊಡ್ಡ ವಿಮಾನವೊಂದು ನೋಮಿನಿಂದ ರಷ್ಯದ ಪ್ರೊವಿಡೇನಿಯ ಎಂಬ ಊರಿಗೆ ಹಾರಿತು. ಅದರಲ್ಲಿ ದ್ವೀಪದ ಯೂಪಿಕ್ ಜನರೂ ಇದ್ದರು. ಪತ್ರಿಕೆಗಳು ಕೊಂಡಾಡಿದ್ದು ಆ ಒಂದು ದಿನದ ಹಾರಾಟವನ್ನು. ಆದರೆ ಬಾಂಧವ್ಯವೆಂಬುದು ಒಂದು ದಿನದ ಉತ್ಸವವಲ್ಲವಷ್ಟೆ? ಆ ಬಳಿಕದ ವರ್ಷಗಳಲ್ಲಿ ಆಚೆಯ ದಡಕ್ಕೆ ಬಾಡಿಗೆಯ ಮೇಲೆ ಮತ್ತೆ ಮತ್ತೆ ಹಾರಿ ಜನರನ್ನು ಕೂಡಿಸುತ್ತಿದ್ದುದು ಬೇರಿಂಗ್ ಏರಿನ ಸಣ್ಣ ವಿಮಾನಗಳು. ರಾಜಕೀಯದ ಗಾಳಿ ತಿರುಗಿದಂತೆ ಆ ಹಾರಾಟಗಳು ಮುಂದೆ ವಿರಳವಾದವು. ಆದರೂ ಭೂಪಟದ ಗೆರೆ ಬೇರೆ, ನುಡಿಯ ಗೆರೆ ಬೇರೆ ಎಂಬುದನ್ನು ಆ ಪುಟ್ಟ ವಿಮಾನಗಳು ಒಂದು ಕಾಲಕ್ಕೆ ತೋರಿಸಿಕೊಟ್ಟವು. 1956ರ ನಂತರ ಹುಟ್ಟಿ ಬೆಳೆದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಣ್ಣದಾಗಿರುವುದರಿಂದ ಪ್ರಯೋಜನವೇನೆಂದು ಕೇಳುವವರುಂಟು. 2020ರ ಏಪ್ರಿಲಿನಲ್ಲಿ ಕೊರೋನ ವ್ಯಾಧಿಯ ಹೊಡೆತಕ್ಕೆ ಸಿಲುಕಿ ರೇವನ್ ಎಂಬ ವಿಮಾನ ಸಂಸ್ಥೆಯು ಒಮ್ಮೆಲೇ ಹಾರಾಟ ನಿಲ್ಲಿಸಿತು. ಹಲವು ಹಳೆಯ ಕಂಪೆನಿಗಳನ್ನು ಒಟ್ಟುಗೂಡಿಸಿ ಬೆಳೆದ ಸಂಸ್ಥೆಯದು. ಅದರ ಬಳಿ ಎಪ್ಪತ್ತಕ್ಕೂ ಹೆಚ್ಚು ವಿಮಾನಗಳಿದ್ದವು. ನೂರಕ್ಕೂ ಹೆಚ್ಚು ಊರುಗಳು ಅದನ್ನು ನಂಬಿದ್ದವು. ಆಗ ಅಲ್ಲಲ್ಲಿಯ ಸಣ್ಣ ಸಂಸ್ಥೆಗಳೇ ಆ ಹೊರೆಗೆ ಹೆಗಲು ಕೊಟ್ಟವು. ಮಾಲಿಕನೂ ಅದೇ ಪೇಟೆಯಲ್ಲಿ ಮನೆ ಮಾಡಿಕೊಂಡು, ಅದೇ ಅಂಗಡಿಯಲ್ಲಿ ಹಿಟ್ಟು ಕೊಳ್ಳುವವನಾದರೆ, ನಾಳೆ ಬೆಳಿಗ್ಗೆ ಬೀಗ ಹಾಕುವುದು ಅಷ್ಟು ಸುಲಭವಾಗುವುದಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಲೇಖನ ಹಿತವಾಗಿರುತ್ತಿತ್ತು, ಆದರೆ ಸತ್ಯವಾಗಿರುತ್ತಿರಲಿಲ್ಲ. 2025ರ ಫೆಬ್ರವರಿ 6ರ ಮಧ್ಯಾಹ್ನ ಬೇರಿಂಗ್ ಏರಿನ ಒಂದು ಕ್ಯಾರವಾನ್ ವಿಮಾನ ಉನಲಕ್ಲೀಟಿನಿಂದ ನೋಮಿಗೆ ಹೊರಟಿತು. ಎರಡು ಊರುಗಳ ನಡುವೆ ಸುಮಾರು 240 ಕಿಲೋಮೀಟರು. ನಡುವೆ ಹೆಪ್ಪುಗಟ್ಟಿದ ಕೊಲ್ಲಿ. ಒಂಬತ್ತು ಪ್ರಯಾಣಿಕರು, ಒಬ್ಬ ಚಾಲಕ. ವಿಮಾನ ನೋಮನ್ನು ತಲಪಲಿಲ್ಲ. ಮರುದಿನ ಸಮುದ್ರದ ತೇಲುವ ಮಂಜಿನ ಮೇಲೆ ಅದರ ಅವಶೇಷ ಸಿಕ್ಕಿತು. ಹತ್ತು ಮಂದಿಯೂ ಮಡಿದಿದ್ದರು. ಅವರಲ್ಲಿ ಇಬ್ಬರು, ಹಳ್ಳಿಯ ನೀರಿನ ವ್ಯವಸ್ಥೆಗೆ ಬೇಕಾದ ಶಾಖಯಂತ್ರವನ್ನು ದುರಸ್ತಿ ಮಾಡಿ ಮರಳುತ್ತಿದ್ದ ಕೆಲಸಗಾರರು.

ಮುಂದಿನ ತಿಂಗಳು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು ಪ್ರಾಥಮಿಕ ವರದಿಯನ್ನು ಹೊರತಂದಿತು. ರೆಕ್ಕೆಗಳ ಮೇಲೆ ಮಂಜುಗಟ್ಟುವ ಹವೆಯಲ್ಲಿ ಆ ವಿಮಾನಕ್ಕೆ ನಿಗದಿಯಾದ ತೂಕಕ್ಕಿಂತ ಸುಮಾರು 1,000 ಪೌಂಡು ಹೆಚ್ಚು ಭಾರ ಅಂದು ಅದರಲ್ಲಿತ್ತೆಂದು ಅದರಲ್ಲಿ ಅಂದಾಜು ಮಾಡಲಾಗಿದೆ. ಅಪಘಾತಕ್ಕೆ ಅದೇ ಕಾರಣವೆಂದು ಆ ವರದಿ ತೀರ್ಮಾನಿಸಿರಲಿಲ್ಲ. ನಾವೂ ಇಲ್ಲಿ ಕುಳಿತು ತೀರ್ಪು ಕೊಡುವವರಲ್ಲ. ಆದರೂ ಆ ಅಂಕಿಯನ್ನು ಓದಿದಾಗ ನಾವು ಬಹಳ ಹೊತ್ತು ಪುಟ ಮಗುಚಲಿಲ್ಲ.

ಪರಿಚಯವೆಂಬುದು ಎರಡಲಗಿನ ಕತ್ತಿ. ಮಳೆಗಾಲದ ಸಂಜೆ ಕೊನೆಯ ಜೀಪಿನಲ್ಲಿ ಹನ್ನೆರಡು ಜನ ಕುಳಿತ ಮೇಲೆ, ಹದಿಮೂರನೆಯವನಾಗಿ ಮಾಷ್ಟ್ರು ಬಂದು ನಿಂತರೆ, "ಜಾಗವಿಲ್ಲ" ಎನ್ನಲು ನಮ್ಮೂರಿನ ಡ್ರೈವರನಿಗೆ ಬಾಯಿ ಬಾರದು. "ಹೇಗಾದರೂ ಹತ್ತಿ ಮಾಷ್ಟ್ರೇ" ಎನ್ನುತ್ತಾನೆ. ನಾವೂ ಹತ್ತಿದ್ದೇವೆ. ಅವನದು ಪ್ರೀತಿ, ನಮ್ಮದು ಅವಸರ; ಅಪಾಯ ಮಾತ್ರ ಹದಿಮೂರು ಜನರದು. ಅಪರಿಚಿತನಿಗೆ ಬೇಡವೆನ್ನುವುದು ಸುಲಭ, ನೆರೆಯವನಿಗೆ ಕಷ್ಟ. ಹಾಗಾದುದರಿಂದಲೇ ಹಳ್ಳಿಯ ಸೇವೆಗೆ ನಿಂತವನ ನಿಜವಾದ ಪರೀಕ್ಷೆ ಹೋಗುವುದರಲ್ಲಿಲ್ಲ. ಗಾಳಿ ಎದ್ದ ದಿನ ಹೋಗದೆ ನಿಲ್ಲುವುದರಲ್ಲಿ, ತೂಕ ಮೀರಿದಾಗ ಬಂಧುವಿನ ಪೆಟ್ಟಿಗೆಯನ್ನೇ ಕೆಳಗಿಳಿಸುವುದರಲ್ಲಿ ಇದೆ. ಇಳಿಸಿದಾಗ ಕೋಪಿಸಿಕೊಳ್ಳದಿರುವುದು ಕಾಯುವವರ ಪಾಲಿನ ಪರೀಕ್ಷೆ.

ಆ ದುರಂತದ ನಂತರವೂ ಆ ಹಳ್ಳಿಗಳ ಜನ ವಿಮಾನ ಹತ್ತಿದ್ದಾರೆ. ಹತ್ತದೆ ಅವರಿಗೆ ಗತ್ಯಂತರವಿಲ್ಲ. ಇಷ್ಟೊಂದು ಅನಿವಾರ್ಯವಾದ ನಂಬಿಕೆಯನ್ನು ಹೊತ್ತವರ ಹೊಣೆ ಎಷ್ಟು ದೊಡ್ಡದೆಂಬುದನ್ನು ಯಾವ ತಕ್ಕಡಿಯೂ ತೂಗಲಾರದು.

ಹುಡುಗನಿಗೆ ಮರುದಿನ ಇಷ್ಟನ್ನೂ ನಮ್ಮ ಮಾತಿನಲ್ಲಿ ಸರಳಗೊಳಿಸಿ ಹೇಳಿದೆವು. ಎಲ್ಲವನ್ನೂ ಕೇಳಿದ ಮೇಲೆ ಅವನು, "ಹಾಗಾದರೆ ಗಾಳಿಮಳೆಯ ದಿನ ಅಲ್ಲಿಯ ಮಕ್ಕಳೂ ಕಾಯಬೇಕಲ್ಲವೇ?" ಎಂದ. ಕಾಯಬೇಕು ಮಗೂ, ಎಂದೆವು. ಅಂದು ಅವನ ಬಸ್ಸು ಅರ್ಧ ಗಂಟೆ ತಡವಾಗಿ ಬಂದಿತ್ತು. ಹಾಜರಿ ಪುಸ್ತಕವನ್ನು ತೆರೆದು, ಅವನ ಹೆಸರಿನ ಮುಂದೆ ಬಿಟ್ಟಿದ್ದ ಖಾಲಿ ಜಾಗವನ್ನು ತುಂಬಿದೆವು.